ಹಾರ್ಮೋನು ಹಣೆಬರಹವಲ್ಲ

ಘೋರ ಅಪರಾಧವೊಂದು ಸುದ್ದಿಯಾದಾಗಲೆಲ್ಲ ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ‘ಆತ ಮಾನಸಿಕ ರೋಗಿಯೇ ಇರಬೇಕು’ ಎಂಬುದು ಮೊದಲನೆಯದು. ‘ಅಂಥವರ ಹಾರ್ಮೋನನ್ನೇ ಅಡಗಿಸಬೇಕು’ ಎಂಬುದು ಎರಡನೆಯದು. ಮೊದಲ ಮಾತು ಅಪರಾಧವನ್ನು ರೋಗಕ್ಕೆ ಗಂಟುಹಾಕುತ್ತದೆ. ಎರಡನೆಯದು ಮನುಷ್ಯನ ನಡತೆಯನ್ನೆಲ್ಲ ಒಂದು ರಾಸಾಯನಿಕಕ್ಕೆ ಇಳಿಸಿಬಿಡುತ್ತದೆ. ಎರಡೂ ಸೇರಿದರೆ ಒಂದು ಸುಲಭ ಸೂತ್ರ ಸಿದ್ಧವಾಗುತ್ತದೆ: ಕೆಡುಕು ರಕ್ತದಲ್ಲಿದೆ, ರಕ್ತ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುತ್ತದೆ. ಶರೀರಕ್ರಿಯಾಶಾಸ್ತ್ರವನ್ನು ಹಲವು ವರ್ಷ ಬೋಧಿಸಿದ ನನಗೆ ಈ ಸೂತ್ರ ಆತಂಕ ಹುಟ್ಟಿಸುತ್ತದೆ. ಹಾರ್ಮೋನುಗಳ ಪ್ರಭಾವವನ್ನು ಅಲ್ಲಗಳೆಯುವವನು ನಾನಲ್ಲ. ಆ ಪ್ರಭಾವ ಎಷ್ಟು, ಯಾರ ಮೇಲೆ, ಯಾವ ಸಂದರ್ಭದಲ್ಲಿ ಎಂಬ ಪ್ರಶ್ನೆಗಳನ್ನು ಬಿಟ್ಟು ಮಾತನಾಡುವುದು ವಿಜ್ಞಾನವಲ್ಲ ಎಂಬುದಷ್ಟೇ ನನ್ನ ವಾದ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಮನೋರೋಗಿಗಳು ಬೇರೆ, ಸಮಾಜವಿರೋಧಿ ವ್ಯಕ್ತಿತ್ವದವರು ಬೇರೆ. ಸ್ಕಿಜೋಫ್ರೇನಿಯಾ, ಖಿನ್ನತೆ, ಉನ್ಮಾದಗಳಿಂದ ನರಳುವವರಲ್ಲಿ ಬಹುಪಾಲು ಮಂದಿ ಯಾರಿಗೂ ಕೇಡು ಬಗೆಯುವವರಲ್ಲ. ಹಿಂಸೆಗೆ ತಾವೇ ತುತ್ತಾಗುವ ಅಪಾಯ ಅವರಿಗಿದೆ. ಅಮೆರಿಕದ ಮೂರು ನಗರಗಳಲ್ಲಿ ಮಾನಸಿಕ ಆಸ್ಪತ್ರೆಗಳಿಂದ ಬಿಡುಗಡೆಯಾದ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಹಿಂಬಾಲಿಸಿ ನಡೆಸಿದ ಮ್ಯಾಕ್‌ಆರ್ಥರ್ ಅಧ್ಯಯನದ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಒಂದು ನಗರದ ರೋಗಿಗಳನ್ನು ಅವರ ನೆರೆಹೊರೆಯವರೊಡನೆ ಹೋಲಿಸಿ ನೋಡಿದಾಗ, ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನವಿಲ್ಲದ ರೋಗಿಗಳು ಅಂಥದೇ ನೆರೆಹೊರೆಯವರಿಗಿಂತ ಹೆಚ್ಚೇನೂ ಹಿಂಸೆಗೆ ಇಳಿದಿರಲಿಲ್ಲ. ವ್ಯಸನ ಸೇರಿಕೊಂಡಾಗ ಹಿಂಸೆಯ ಪ್ರಮಾಣ ಇಬ್ಬರಲ್ಲಿಯೂ ಏರಿತ್ತು.

ಸಮಾಜವಿರೋಧಿ ವ್ಯಕ್ತಿತ್ವ ದೋಷದ ಲಕ್ಷಣಗಳೇ ಬೇರೆ. ಪರರ ಹಕ್ಕುಗಳ ಬಗ್ಗೆ ನಿರಂತರ ಉಪೇಕ್ಷೆ, ಮೋಸ, ದುಡುಕು, ಆಕ್ರಮಣಶೀಲತೆ, ಪಶ್ಚಾತ್ತಾಪವಿಲ್ಲದಿರುವುದು ಅದರ ಗುರುತುಗಳು. ಇಂಥವರಿಗೆ ಭ್ರಮೆಗಳಿರುವುದಿಲ್ಲ; ಮಾಡುತ್ತಿರುವುದೇನೆಂಬ ಅರಿವು ಇರುತ್ತದೆ. 1835ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಚರ್ಡ್ ಇದಕ್ಕೆ ಹತ್ತಿರದ ಸ್ಥಿತಿಯೊಂದನ್ನು ‘ನೈತಿಕ ಹುಚ್ಚು’ ಎಂದು ಕರೆದ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಮೂರನೆಯ ಆವೃತ್ತಿ ಅದಕ್ಕೆ ಸ್ಪಷ್ಟ ಮಾನದಂಡಗಳನ್ನು ಕೊಟ್ಟಿತು. ಅವುಗಳಲ್ಲೊಂದು ಇಂದಿಗೂ ಬಹಳ ಮುಖ್ಯವಾದುದು. 18 ವರ್ಷ ತುಂಬುವ ಮೊದಲು ಯಾರಿಗೂ ಈ ಹೆಸರು ಅಂಟಿಸುವಂತಿಲ್ಲ. ಬೆಳೆಯುವ ವಯಸ್ಸಿನ ನಡತೆಯನ್ನು ಸ್ವಭಾವವೆಂದು ಘೋಷಿಸಬಾರದೆಂಬ ವಿವೇಕ ಆ ನಿಯಮದಲ್ಲಿದೆ.

ಕಾರಾಗೃಹಗಳಲ್ಲಿ ಈ ದೋಷ ವ್ಯಾಪಕವಾಗಿದೆ ಎಂಬುದು ನಿಜ. 12 ದೇಶಗಳ 62 ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಪುರುಷ ಕೈದಿಗಳಲ್ಲಿ ಶೇ 47ರಷ್ಟು ಮಂದಿ ಈ ವ್ಯಾಖ್ಯೆಗೆ ಒಳಪಡುತ್ತಾರೆ. ಮಹಿಳಾ ಕೈದಿಗಳಲ್ಲಿ ಶೇ 21ರಷ್ಟು. ಆದರೆ ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಕಾನೂನನ್ನು ಮತ್ತೆ ಮತ್ತೆ ಮುರಿಯುವುದೇ ಆ ದೋಷದ ಲಕ್ಷಣಗಳಲ್ಲೊಂದು. ಕಾನೂನು ಮುರಿದವರನ್ನು ಕೂಡಿಹಾಕಿದ ಜಾಗದಲ್ಲಿ ಅಂಥವರು ಹೆಚ್ಚಾಗಿ ಸಿಗುವುದರಲ್ಲಿ ಆಶ್ಚರ್ಯವೇನಿದೆ?

ಇಂಥ ನಡತೆಗೆ ದೇಹದಲ್ಲಿ ಕಾರಣ ಹುಡುಕುವ ಪ್ರಯತ್ನ ಹಳೆಯದು. 1849ರಲ್ಲಿ ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಬರ್ಟ್‌ಹೋಲ್ಡ್ ಎಂಬ ವಿಜ್ಞಾನಿ ಹುಂಜಗಳ ವೃಷಣಗಳನ್ನು ತೆಗೆದ. ಅವು ಕೂಗುವುದನ್ನೂ ಕಾದಾಡುವುದನ್ನೂ ಬಿಟ್ಟವು. ಕೆಲವಕ್ಕೆ ವೃಷಣವನ್ನು ಹೊಟ್ಟೆಯೊಳಗೆ ಮತ್ತೆ ನಾಟಿ ಮಾಡಿದಾಗ ಅವು ಮೊದಲಿನಂತಾದವು. ನರಗಳ ಸಂಪರ್ಕವಿಲ್ಲದಿದ್ದರೂ ರಕ್ತದ ಮೂಲಕ ಸಂದೇಶ ಸಾಗುತ್ತದೆಂಬುದು ಇದರಿಂದ ತಿಳಿಯಿತು. 1905ರಲ್ಲಿ ಸ್ಟಾರ್ಲಿಂಗ್ ಇಂಥ ಸಂದೇಶವಾಹಕಗಳಿಗೆ ‘ಹಾರ್ಮೋನು’ ಎಂಬ ಹೆಸರನ್ನು ಬಳಕೆಗೆ ತಂದ. 1935ರಲ್ಲಿ ವೃಷಣದ ಹಾರ್ಮೋನಾದ ಟೆಸ್ಟೊಸ್ಟೆರಾನ್‌ ಅನ್ನು ಬೇರ್ಪಡಿಸಿದರು. ಅದೇ ವರ್ಷ ಪ್ರಯೋಗಾಲಯದಲ್ಲಿ ತಯಾರಿಸಿದರು ಕೂಡ. ಅಂದಿನಿಂದ ಗಂಡಸಿನ ಗರ್ವ, ಸಿಟ್ಟು, ಕ್ರೌರ್ಯಗಳಿಗೆಲ್ಲ ಇದೇ ಮೂಲವೆಂಬ ನಂಬಿಕೆ ಹರಡಿತು. ಆದರೆ ಹುಂಜದಿಂದ ಮನುಷ್ಯನಿಗೆ ನೇರವಾಗಿ ಜಿಗಿಯುವುದು ಸುರಕ್ಷಿತವಲ್ಲ.

ಮನುಷ್ಯರಲ್ಲಿ ಕಂಡಿರುವುದೇನು? ಅಮೆರಿಕದ ಜಾರ್ಜಿಯಾದ ಮನಶ್ಶಾಸ್ತ್ರಜ್ಞ ಜೇಮ್ಸ್ ಡ್ಯಾಬ್ಸ್ ಮತ್ತು ಸಂಗಡಿಗರು 1987ರಲ್ಲಿ 89 ಯುವ ಕೈದಿಗಳ ಜೊಲ್ಲಿನಲ್ಲಿ ಟೆಸ್ಟೊಸ್ಟೆರಾನ್ ಅಳೆದರು. ಅತಿ ಹೆಚ್ಚು ಪ್ರಮಾಣವಿದ್ದ 11 ಮಂದಿಯಲ್ಲಿ 10 ಮಂದಿ ಹಿಂಸಾತ್ಮಕ ಅಪರಾಧ ಎಸಗಿದ್ದರು. ಅತಿ ಕಡಿಮೆಯಿದ್ದ 11 ಮಂದಿಯಲ್ಲಿ 9 ಮಂದಿಯ ಅಪರಾಧದಲ್ಲಿ ಹಿಂಸೆ ಇರಲಿಲ್ಲ. ಪತ್ರಿಕೆಗಳ ತಲೆಬರಹಕ್ಕೆ ಇಷ್ಟು ಸಾಕು. ಆದರೆ ಅದೇ ಡ್ಯಾಬ್ಸ್, ಮಾರಿಸ್ ಅವರೊಡನೆ 1990ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನವೊಂದಿದೆ. ಅಮೆರಿಕದ 4,462 ಮಾಜಿ ಸೈನಿಕರನ್ನು ಪರೀಕ್ಷಿಸಿದಾಗ ಟೆಸ್ಟೊಸ್ಟೆರಾನ್ ಹೆಚ್ಚಿದ್ದವರಲ್ಲಿ ಕಾನೂನುಭಂಗ, ಮಾದಕ ವ್ಯಸನ, ಮೇಲಿನವರೊಡನೆ ಜಗಳ ಹೆಚ್ಚೇ ಇದ್ದವು. ಆದರೆ ಈ ನಂಟು ವಿದ್ಯೆ, ವರಮಾನಗಳಲ್ಲಿ ಹಿಂದುಳಿದವರಲ್ಲಿ ಎದ್ದು ಕಾಣುತ್ತಿತ್ತು; ಮೇಲ್ವರ್ಗದವರಲ್ಲಿ ದುರ್ಬಲವಾಗಿತ್ತು. ಹಾರ್ಮೋನು ಅದೇ, ಬದುಕು ಬೇರೆ, ಫಲಿತಾಂಶವೂ ಬೇರೆ. ಹಣೆಬರಹವನ್ನು ರಕ್ತವೇ ಬರೆಯುವುದಾದರೆ ಸಂಬಳದ ಚೀಟಿಗೆ ಅದನ್ನು ತಿದ್ದುವ ಶಕ್ತಿ ಬಂದುದು ಹೇಗೆ?

ಎಲ್ಲ ಅಧ್ಯಯನಗಳನ್ನೂ ಒಟ್ಟಿಗೆ ಇಟ್ಟು ನೋಡಿದವರಿಗೆ ಸಿಕ್ಕಿದ್ದು ಇನ್ನೂ ತೆಳುವಾದ ಎಳೆ. ಟೆಸ್ಟೊಸ್ಟೆರಾನ್ ಮತ್ತು ಆಕ್ರಮಣಶೀಲತೆಗಳ ನಡುವಣ ಸಹಸಂಬಂಧದ ಸೂಚ್ಯಂಕ 0.14 ಎಂದು 2001ರ ವಿಶ್ಲೇಷಣೆ ಹೇಳಿತು. ಅದೇ ದತ್ತಾಂಶವನ್ನು ಮರುಪರಿಶೀಲಿಸಿದ 2005ರ ಲೇಖನ ಅದನ್ನು 0.08ಕ್ಕೆ ಇಳಿಸಿತು. ಸಂಖ್ಯಾಶಾಸ್ತ್ರದ ಭಾಷೆಯನ್ನು ಸರಳಗೊಳಿಸಿ ಹೇಳುವುದಾದರೆ, ಜನರ ಆಕ್ರಮಣಶೀಲತೆಯಲ್ಲಿ ಕಾಣುವ ವ್ಯತ್ಯಾಸವನ್ನು ನೂರು ಪಾಲೆಂದುಕೊಂಡರೆ ಅದರಲ್ಲಿ ಒಂದೆರಡು ಪಾಲು ಮಾತ್ರ ಈ ಹಾರ್ಮೋನಿನ ಮಟ್ಟದೊಂದಿಗೆ ತಾಳೆಯಾಗುತ್ತದೆ. ಉಳಿದ ತೊಂಬತ್ತೆಂಟು ಪಾಲಿನ ಕಾರಣಗಳನ್ನು ನಾವು ಬೇರೆಡೆ ಹುಡುಕಬೇಕು.

ಹಾರ್ಮೋನನ್ನು ಹೊರಗಿನಿಂದ ಕೊಟ್ಟು ನೋಡಿದರೇನಾಗುತ್ತದೆ? 2000ನೇ ಇಸವಿಯಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಆರೋಗ್ಯವಂತ ಗಂಡಸರಿಗೆ ಕೆಲವು ವಾರಗಳ ಕಾಲ ಸಹಜ ಮಟ್ಟಕ್ಕಿಂತ ಬಹುಪಾಲು ಹೆಚ್ಚಿನ ಟೆಸ್ಟೊಸ್ಟೆರಾನ್ ಚುಚ್ಚಲಾಯಿತು. 50 ಮಂದಿಯಲ್ಲಿ 42 ಮಂದಿಯ ಮನಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಆಗಲಿಲ್ಲ. ಇಬ್ಬರಲ್ಲಿ ಮಾತ್ರ ತೀವ್ರ ಉದ್ರೇಕ ಕಂಡಿತು. ಜ್ಯೂರಿಕ್‌ನ ವಿಜ್ಞಾನಿಗಳ ಪ್ರಯೋಗ ಇನ್ನೂ ಸ್ವಾರಸ್ಯಕರ. ಸುಮಾರು 120 ಮಹಿಳೆಯರಲ್ಲಿ ಕೆಲವರಿಗೆ ಟೆಸ್ಟೊಸ್ಟೆರಾನ್, ಉಳಿದವರಿಗೆ ಹುಸಿ ಗುಳಿಗೆ ಕೊಟ್ಟು ಹಣ ಹಂಚಿಕೊಳ್ಳುವ ಆಟವಾಡಿಸಿದರು. ಹಾರ್ಮೋನು ಪಡೆದವರು ಹೆಚ್ಚು ನ್ಯಾಯವಾಗಿ ಹಂಚಿದರು. ಆದರೆ, ನಿಜವಾಗಿ ಸಿಕ್ಕಿದ್ದು ಯಾವುದೇ ಇರಲಿ, ತಮಗೆ ಹಾರ್ಮೋನು ಕೊಟ್ಟಿದ್ದಾರೆಂದು ನಂಬಿದವರು ಹೆಚ್ಚು ಸ್ವಾರ್ಥಿಗಳಾಗಿ ವರ್ತಿಸಿದರು. ಹಾರ್ಮೋನಿಗಿಂತ ಅದರ ಬಗೆಗಿನ ಮೂಢನಂಬಿಕೆಯೇ ಕೆಡುಕಿಗೆ ದಾರಿ ಮಾಡಿತ್ತು. ‘ಗಂಡುಮಕ್ಕಳು ಹಾಗೆಯೇ, ಬಿಸಿರಕ್ತ’ ಎಂದು ಮನೆಮನೆಯಲ್ಲಿ ಕ್ಷಮಾಪಣೆ ನೀಡುವ ನಾವು ಈ ಪ್ರಯೋಗವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೂ ಒಂದು ಸಂಗತಿಯಿದೆ. ಹಾರ್ಮೋನು ನಡತೆಯನ್ನು ಬದಲಿಸುವಂತೆ ನಡತೆಯೂ ಹಾರ್ಮೋನನ್ನು ಬದಲಿಸುತ್ತದೆ. ಫಿಲಿಪ್ಪೀನ್ಸ್‌ನ 624 ಯುವಕರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ತಂದೆಯಾದವರ ಟೆಸ್ಟೊಸ್ಟೆರಾನ್ ಮಟ್ಟ ಗಮನಾರ್ಹವಾಗಿ ಇಳಿದಿತ್ತು. ಮಗುವಿನ ಆರೈಕೆಯಲ್ಲಿ ದಿನದ ಹಲವು ಗಂಟೆ ತೊಡಗುವವರಲ್ಲಿ ಅದು ಮತ್ತಷ್ಟು ಕಡಿಮೆಯಿತ್ತು. ಹೀಗಿರುವಾಗ ಜೈಲಿನಲ್ಲಿ, ಸದಾ ಕಾದಾಟದ ಭಯದಲ್ಲಿ ಬದುಕುವವನ ರಕ್ತದಲ್ಲಿ ಕಂಡುದನ್ನು ಅವನ ಹುಟ್ಟುಗುಣವೆಂದು ಕರೆಯಲು ಯಾವ ಆಧಾರವಿದೆ?

ಟೆಸ್ಟೊಸ್ಟೆರಾನಿನಷ್ಟೇ ಚರ್ಚೆಗೆ ಒಳಗಾದ ಇನ್ನೊಂದು ಹಾರ್ಮೋನು ಕಾರ್ಟಿಸಾಲ್. ಅಪಾಯ ಎದುರಾದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಇದನ್ನು ಸ್ರವಿಸುತ್ತದೆ. ಕಾರ್ಟಿಸಾಲ್ ಕಡಿಮೆಯಿರುವವರಲ್ಲಿ ಭಯದ ಎಚ್ಚರಿಕೆ ಮಂದವಾಗಿರುತ್ತದೆ, ಶಿಕ್ಷೆಯಿಂದ ಅವರು ಪಾಠ ಕಲಿಯುವುದಿಲ್ಲ ಎಂಬುದು ಒಂದು ಸಿದ್ಧಾಂತ. 2000ನೇ ಇಸವಿಯಲ್ಲಿ ಮ್ಯಾಕ್‌ಬರ್ನೆಟ್ ಮತ್ತು ಸಂಗಡಿಗರು ನಡತೆಯ ತೊಂದರೆಗಾಗಿ ಚಿಕಿತ್ಸಾಲಯಕ್ಕೆ ಬಂದ 7ರಿಂದ 12 ವರ್ಷದ 38 ಬಾಲಕರಲ್ಲಿ ಇಂಥದೊಂದು ನಂಟನ್ನು ಗುರುತಿಸಿದರು. ಆದರೆ 2008ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಚಿತ್ರ ಕಲಸಿಹೋಯಿತು. ಶಾಲೆಗೆ ಹೋಗುವ ವಯಸ್ಸಿನ ಉಪದ್ರವಿ ಮಕ್ಕಳಲ್ಲಿ ಕಾರ್ಟಿಸಾಲ್ ಕಡಿಮೆ, ಅದಕ್ಕಿಂತ ಚಿಕ್ಕವರಲ್ಲಿ ಹೆಚ್ಚು, ಹದಿಹರೆಯದವರಲ್ಲಿ ಸ್ಪಷ್ಟ ನಂಟೇ ಇಲ್ಲ.

ಕಾರ್ಟಿಸಾಲ್ ಮಂದವಾಗುವುದಾದರೂ ಏಕೆ? ಇದಕ್ಕೆ ರುಮೇನಿಯಾದ ಅನಾಥಾಲಯಗಳಲ್ಲಿ ಮನ ಕಲಕುವ ಉತ್ತರವೊಂದು ಸಿಕ್ಕಿದೆ. ಚೌಷೆಸ್ಕು ಆಡಳಿತ ಬಿಟ್ಟುಹೋದ ಆ ಸಂಸ್ಥೆಗಳಲ್ಲಿ ಮಕ್ಕಳಿಗೆ ಅನ್ನವಿತ್ತು, ಎತ್ತಿಕೊಳ್ಳುವ ಕೈಗಳಿರಲಿಲ್ಲ. 2000ದಲ್ಲಿ ಬುಕಾರೆಸ್ಟ್‌ನಲ್ಲಿ ಆರಂಭವಾದ ಯೋಜನೆಯೊಂದರಲ್ಲಿ ಕೆಲವು ಮಕ್ಕಳನ್ನು ಸಾಕುಕುಟುಂಬಗಳಿಗೆ ಒಪ್ಪಿಸಲಾಯಿತು. ಅವರು ಹನ್ನೆರಡರ ಆಸುಪಾಸಿಗೆ ಬಂದಾಗ ಒತ್ತಡದ ಸನ್ನಿವೇಶದಲ್ಲಿ ಅವರ ದೇಹ ಹೇಗೆ ಸ್ಪಂದಿಸುತ್ತದೆಂದು ಪರೀಕ್ಷಿಸಿ 2015ರಲ್ಲಿ ವರದಿ ಮಾಡಲಾಯಿತು. ಸಂಸ್ಥೆಗಳಲ್ಲೇ ಉಳಿದಿದ್ದವರಲ್ಲಿ ಕಾರ್ಟಿಸಾಲ್ ಸ್ಪಂದನ ಮಂದವಾಗಿತ್ತು. ಒಂದೂವರೆ, ಎರಡು ವರ್ಷ ತುಂಬುವ ಮೊದಲೇ ಮಡಿಲು ಸಿಕ್ಕಿದವರಲ್ಲಿ ಅದು ಇತರ ಮಕ್ಕಳಂತೆಯೇ ಇತ್ತು. ಈ ಮಕ್ಕಳು ಅಪರಾಧಿಗಳಲ್ಲ ಎಂಬುದನ್ನು ಒತ್ತಿ ಹೇಳಬೇಕು. ಆದರೆ ನಾವು ‘ತಣ್ಣನೆಯ ರಕ್ತ’ ಎಂದು ದೂಷಿಸುವ ಸ್ಥಿತಿ ಎಷ್ಟೋ ವೇಳೆ ಯಾರೂ ಎತ್ತಿಕೊಳ್ಳದ ಬಾಲ್ಯದ ಗುರುತು ಇರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸೂಚನೆ ಬೇಕೆ?

ದೇಹದ ಒಂದು ಗುರುತನ್ನು ಹಿಡಿದು ಮನುಷ್ಯನಿಗೆ ಮುದ್ರೆಯೊತ್ತಿದ ಪ್ರಕರಣವೊಂದನ್ನು ಇಲ್ಲಿ ನೆನೆಯಬೇಕು. ಅದು ಹಾರ್ಮೋನಿನದಲ್ಲ, ಕ್ರೋಮೊಸೋಮಿನದು. 1965ರಲ್ಲಿ ಸ್ಕಾಟ್ಲೆಂಡಿನ ಕಾರ್‌ಸ್ಟೇರ್ಸ್ ಎಂಬ ಭದ್ರತಾ ಮಾನಸಿಕ ಆಸ್ಪತ್ರೆಯ ರೋಗಿಗಳಲ್ಲಿ ಕೆಲವರಿಗೆ ಒಂದರ ಬದಲು ಎರಡು ವೈ ಕ್ರೋಮೊಸೋಮುಗಳಿರುವುದು ಪತ್ತೆಯಾಯಿತು. ‘ಹೆಚ್ಚುವರಿ ಗಂಡಸುತನ’ವೇ ಅಪರಾಧಕ್ಕೆ ಕಾರಣವೆಂಬ ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ಷಿಕಾಗೊದಲ್ಲಿ 1966ರಲ್ಲಿ ಎಂಟು ಮಂದಿ ದಾದಿ ವಿದ್ಯಾರ್ಥಿನಿಯರನ್ನು ಕೊಂದ ರಿಚರ್ಡ್ ಸ್ಪೆಕ್‌ನಿಗೂ ಈ ಕ್ರೋಮೊಸೋಮು ಇದೆಯೆಂದು ಪತ್ರಿಕೆಗಳು ಬರೆದವು. ಪರೀಕ್ಷೆಯಲ್ಲಿ ಅದು ಸುಳ್ಳೆಂದು ತಿಳಿಯಿತು. 1976ರಲ್ಲಿ ಡೆನ್ಮಾರ್ಕಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಎತ್ತರದ ಗಂಡಸರನ್ನು ಪರೀಕ್ಷಿಸಿದಾಗ ಅಂಥ ಕ್ರೋಮೊಸೋಮು ಇದ್ದವರು 12 ಮಂದಿ ಸಿಕ್ಕಿದರು. ಅವರು ಹೆಚ್ಚು ಹಿಂಸಾತ್ಮಕರು ಎಂಬುದಕ್ಕೆ ಆಧಾರ ಸಿಗಲಿಲ್ಲ. ಸುಳ್ಳು ಹರಡಿದ ವೇಗದಲ್ಲಿ ತಿದ್ದುಪಡಿ ಹರಡಲಿಲ್ಲ.

ಹಾರ್ಮೋನಿನ ವಿಷಯದಲ್ಲಿ ಇಂಥ ಅವಸರ ಎಷ್ಟು ಕ್ರೂರವಾಗಬಲ್ಲದೆಂಬುದಕ್ಕೆ ಅಲನ್ ಟ್ಯೂರಿಂಗ್ ಸಾಕ್ಷಿ. ಗಣಕವಿಜ್ಞಾನದ ಆ ಪಿತಾಮಹನನ್ನು 1952ರಲ್ಲಿ ಸಲಿಂಗಕಾಮದ ಆರೋಪದ ಮೇಲೆ ತಪ್ಪಿತಸ್ಥನೆಂದು ಘೋಷಿಸಿದ ಬ್ರಿಟನ್, ಜೈಲಿನ ಬದಲಿಗೆ ಸ್ತ್ರೀ ಹಾರ್ಮೋನು ಚಿಕಿತ್ಸೆ ನೀಡಿತು. 1954ರಲ್ಲಿ ಆತ ತೀರಿಕೊಂಡ. ರಾಜಮುದ್ರೆಯ ಕ್ಷಮಾದಾನ ಬಂದದ್ದು 2013ರಲ್ಲಿ. ಅದೇ ವರ್ಷದ ಜನವರಿಯಲ್ಲಿ ನಮ್ಮ ದೇಶದಲ್ಲೂ ಈ ಪ್ರಶ್ನೆ ಎದುರಾಗಿತ್ತು. ದೆಹಲಿಯ ಅತ್ಯಾಚಾರ ಪ್ರಕರಣದ ಬೆನ್ನಲ್ಲೇ ರಾಸಾಯನಿಕ ಪುರುಷತ್ವಹರಣದ ಬೇಡಿಕೆ ದೇಶದೆಲ್ಲೆಡೆ ಕೇಳಿಬಂದಾಗ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಅದನ್ನು ಒಪ್ಪಲಿಲ್ಲ. ಅತ್ಯಾಚಾರದ ಬೇರುಗಳು ಸಮಾಜದಲ್ಲಿರುವಾಗ ಔಷಧಿಯಿಂದ ಅದನ್ನು ಗುಣಪಡಿಸಹೊರಡುವುದು ಸರಿಯಲ್ಲವೆಂಬ ಸಮಿತಿಯ ನಿಲುವು ಜನಪ್ರಿಯವಾಗಿರಲಿಲ್ಲ, ಆದರೆ ಸರಿಯಾಗಿತ್ತು.

ಹಾಗಾದರೆ ಮನೋವೈದ್ಯಕೀಯದಲ್ಲಿ ಹಾರ್ಮೋನು ಪರೀಕ್ಷೆಗೆ ಸ್ಥಾನವೇ ಇಲ್ಲವೇ? ಖಂಡಿತ ಇದೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ಸ್ರವಿಸಿದರೆ ಮನುಷ್ಯ ಚಡಪಡಿಸುತ್ತಾನೆ, ಕೆಲವೊಮ್ಮೆ ಭ್ರಮೆಗೂ ಒಳಗಾಗುತ್ತಾನೆ. ಕಾರ್ಟಿಸಾಲ್ ಮಿತಿಮೀರುವ ಕುಷಿಂಗ್ ರೋಗದಲ್ಲಿ ಖಿನ್ನತೆ ಸಾಮಾನ್ಯ. ಇಲ್ಲಿ ಪರೀಕ್ಷೆಯ ಉದ್ದೇಶ ಗುಣಪಡಿಸಬಹುದಾದ ಕಾಯಿಲೆಯನ್ನು ಪತ್ತೆಹಚ್ಚುವುದು. ವ್ಯಕ್ತಿಯ ಯೋಗ್ಯತೆಯನ್ನು ಅಳೆಯುವುದು ಅದರ ಕೆಲಸವಲ್ಲ. ಸಮಾಜವಿರೋಧಿ ವ್ಯಕ್ತಿತ್ವವನ್ನು ಗುರುತಿಸಬಲ್ಲ ರಕ್ತ ಪರೀಕ್ಷೆ ಇಂದಿಗೂ ಇಲ್ಲ. ಅದಕ್ಕೆ ಔಷಧಿಗಳನ್ನು ವಾಡಿಕೆಯಾಗಿ ಬಳಸಬಾರದೆಂದು ಬ್ರಿಟನ್ನಿನ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿ 2009ರಲ್ಲಿಯೇ ಹೇಳಿತು.

ಈ ಚರ್ಚೆ ಪ್ರಯೋಗಾಲಯಗಳಲ್ಲೇ ಮುಗಿಯುವಂಥದಾಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. 2016ರ ಜನವರಿಯಲ್ಲಿ ಜಾರಿಗೆ ಬಂದ ಬಾಲನ್ಯಾಯ ಕಾಯ್ದೆಯ 15ನೇ ಕಲಮಿನ ಪ್ರಕಾರ, 16ರಿಂದ 18 ವರ್ಷದೊಳಗಿನವರು ಘೋರ ಅಪರಾಧದ ಆರೋಪ ಹೊತ್ತರೆ ಮಂಡಳಿಯು ಅವರ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮಗಳ ಅರಿವು, ಕೃತ್ಯ ನಡೆದ ಸಂದರ್ಭಗಳನ್ನು ಪ್ರಾಥಮಿಕವಾಗಿ ಅಳೆಯಬೇಕು. ಹುಡುಗನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೇ ಎಂಬುದು ಅದರ ಮೇಲೆ ನಿಂತಿದೆ. ಇದು ಬಹಳ ಸೂಕ್ಷ್ಮವಾದ ಕೆಲಸವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಎಚ್ಚರಿಸಿದೆ. 18 ತುಂಬದವರಿಗೆ ಮನೋವೈದ್ಯರೇ ಕೊಡಲೊಪ್ಪದ ಹೆಸರನ್ನು ಹಿಂಬಾಗಿಲಿನಿಂದ ಕೊಡುವ ಜಾಗ ಇದಾಗಬಾರದು. ‘ಇವನ ಸ್ವಭಾವವೇ ಹೀಗೆ’ ಎಂಬ ವಾಕ್ಯಕ್ಕೆ ನಾಳೆ ಒಂದು ಹಾರ್ಮೋನು ವರದಿ ಲಗತ್ತಾದರೆ ಅದಕ್ಕೆ ವಿಜ್ಞಾನದ ಘನತೆ ಬಂದಂತೆ ಕಾಣುತ್ತದೆ, ಅಷ್ಟೇ. ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲಿ ಹೆಚ್ಚಿನವರು ವಯಸ್ಸು ಬಲಿತಂತೆ ಸರಿದಾರಿಗೆ ಬರುತ್ತಾರೆಂಬುದು ಟೆರಿ ಮಾಫಿಟ್ 1993ರಲ್ಲಿ ಮಂಡಿಸಿದ, ಇಂದಿಗೂ ಪ್ರಭಾವಿಯಾಗಿರುವ ವಾದ. ಬದಲಾಗಬಹುದಾದವನನ್ನು ಬದಲಾಗದವನೆಂದು ತೀರ್ಮಾನಿಸಿ ವಯಸ್ಕರ ಜೈಲಿನ ದಾರಿಗೆ ತಳ್ಳಿದರೆ ಆ ತೀರ್ಮಾನವೇ ನಿಜವಾಗಿಬಿಡುತ್ತದೆ.

ಇದರಿಂದ ಅಪರಾಧಿಗೆ ವಿನಾಯಿತಿ ಸಿಗುವುದಿಲ್ಲವೇ ಎಂದು ಓದುಗರು ಕೇಳಬಹುದು. ವಾಸ್ತವ ಇದಕ್ಕೆ ತದ್ವಿರುದ್ಧ. ‘ನನ್ನ ಹಾರ್ಮೋನು ಮಾಡಿಸಿತು’ ಎನ್ನುವವನಿಗೂ ಈ ವಿಜ್ಞಾನ ಆಸರೆ ಕೊಡುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು, ಹಿಂದಿನ ದಂಡ ಸಂಹಿತೆಯ 84ನೇ ಕಲಮಿನಂತೆಯೇ, ಚಿತ್ತವಿಕಲತೆಯಿಂದಾಗಿ ಕೃತ್ಯದ ಸ್ವರೂಪವನ್ನೇ ಅಥವಾ ಅದು ತಪ್ಪೆಂಬುದನ್ನೇ ಅರಿಯಲಾರದವನಿಗೆ ಮಾತ್ರ ರಕ್ಷಣೆ ಕೊಡುತ್ತದೆ. ಶೇಕಡ ಎರಡರ ಪ್ರಭಾವ ಯಾರ ವಿವೇಕವನ್ನೂ ಕಸಿದುಕೊಳ್ಳುವುದಿಲ್ಲ. ಶಿಕ್ಷೆಗೆ ಅರ್ಹನಾದವನಿಗೆ ಶಿಕ್ಷೆಯಾಗಲಿ. ಆದರೆ ಅದು ಅವನು ಮಾಡಿದ್ದಕ್ಕೆ ಆಗಲಿ, ಅವನ ರಕ್ತದಲ್ಲಿರುವುದಕ್ಕೆ ಅಲ್ಲ.

ನಾವು ಮಾಡಬೇಕಾದುದು ಸ್ಪಷ್ಟವಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ತೊಂದರೆಗಳಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತೆಂಬ ಹೆಮ್ಮೆ ನಮ್ಮದು. ಆ ಹೆಮ್ಮೆಗೆ ತಕ್ಕಂತೆ ಬಾಲಮಂದಿರಗಳಿಗೂ ವೀಕ್ಷಣಾಲಯಗಳಿಗೂ ಮಕ್ಕಳ ಮನೋವೈದ್ಯರ ನಿಯಮಿತ ಭೇಟಿ ಖಚಿತವಾಗಬೇಕು. ಉಪದ್ರವಿ ಮಕ್ಕಳ ತಂದೆತಾಯಿಗೆ ಪೋಷಣೆಯ ತರಬೇತಿ ಸಿಗಬೇಕು. ಚಿಕ್ಕ ವಯಸ್ಸಿನಲ್ಲಿ ಫಲ ಕೊಡುವ ಕ್ರಮಗಳಲ್ಲಿ ಅದು ಮುಂಚೂಣಿಯಲ್ಲಿದೆ. ಅನಾಥ ಶಿಶುಗಳು ಸಂಸ್ಥೆಗಳಲ್ಲಿ ಬೆಳೆಯುವ ಬದಲು ಆದಷ್ಟು ಬೇಗ ಕುಟುಂಬ ಸೇರಬೇಕು. ವ್ಯಸನಕ್ಕೆ ತಾಲ್ಲೂಕು ಮಟ್ಟದಲ್ಲೇ ಚಿಕಿತ್ಸೆ ದೊರೆಯಬೇಕು. ಹಾರ್ಮೋನು ವರದಿ ವೈದ್ಯರ ಕಡತದಲ್ಲಿ ಉಳಿಯಲಿ. ಮಂಡಳಿಯ ಮೇಜಿನ ಮೇಲೆ ಒಬ್ಬನ ಗುಣದ ಪ್ರಮಾಣಪತ್ರವಾಗಿ ಅದು ಬರುವುದು ಬೇಡ.

ಬುಕಾರೆಸ್ಟಿನ ಮಕ್ಕಳ ವಿಷಯದಲ್ಲಿ ತಡವಾದದ್ದು ತಿಂಗಳುಗಳ ಲೆಕ್ಕದಲ್ಲಿ. ಆ ಕೆಲವು ತಿಂಗಳುಗಳೊಳಗೆ ಮಡಿಲು ಕೊಡುವುದು ಸರ್ಕಾರಗಳ ಕೈಯಲ್ಲಿತ್ತು. ನಮ್ಮ ಸರ್ಕಾರದ ಕೈಯಲ್ಲೂ ಇದೆ. ಅದನ್ನು ಮಾಡದೆ, ಹದಿನಾರು ವರ್ಷಗಳ ಮೇಲೆ ರಕ್ತದಲ್ಲಿ ಕಾರಣ ಹುಡುಕುವುದು ನ್ಯಾಯವೆನಿಸಿಕೊಳ್ಳುವುದಿಲ್ಲ.